ಒಂದೇ ಬಾವಿಕಟ್ಟೆ, ನಲವತ್ತು ಕಾರ್ಡು

ನಮ್ಮ ಹಿತ್ತಲಿನ ಬಾವಿಕಟ್ಟೆ ಚಿರೇಕಲ್ಲಿನದು. ಮಳೆಗಾಲದಲ್ಲಿ ಹಾವಸೆ ಹತ್ತಿ ಹಸಿರಾಗುತ್ತದೆ. ಮಾಘದ ಹೊತ್ತಿಗೆ ಹಾವಸೆ ಒಣಗಿ ಕಪ್ಪಾಗುತ್ತದೆ. ಏಪ್ರಿಲ್‌ನಲ್ಲಿ ಅದು ಹಕ್ಕಳೆಯಂತೆ ಉದುರಿ ಕಲ್ಲಿನ ಕೆಂಪು ಮತ್ತೆ ಕಾಣುತ್ತದೆ. ಕುಮಟಾ ಕಡೆಯ ಯಾವ ಹಿತ್ತಲಿಗೆ ಹೋದರೂ ಇಂಥದ್ದೊಂದು ಕಟ್ಟೆ ಸಿಗುತ್ತದೆ. ಹಗ್ಗ ಉಜ್ಜಿ ಉಜ್ಜಿ ಅಂಚಿನಲ್ಲಿ ಬಿದ್ದ ನಾಲ್ಕು ಕಚ್ಚುಗಳಷ್ಟೇ ನಮ್ಮದರ ಗುರುತು. ಎರಡು ವರ್ಷದ ಹಿಂದೆ ಈ ಕಟ್ಟೆಯನ್ನು ನಾನು ಅಂಗೈಯಗಲದ ಕಾರ್ಡುಗಳ ಮೇಲೆ ಅಕ್ರಿಲಿಕ್‌ನಲ್ಲಿ ನಲವತ್ತು ಸಲ ಬಿಡಿಸಿದೆ.

ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವುದು ನನ್ನ ಕೆಲಸ. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನ ಹಳೆಯ ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿ, “ಅಕ್ಕೋರೇ, ಇವೆಲ್ಲ ನೀವೊಬ್ಬರೇ ಬಿಡಿಸಿದ್ದೇ?” ಎಂದು ಕೇಳಿದಳು. ಅವಳ ಮನಸ್ಸಿನಲ್ಲಿ ಕೊಂಕು ಇರಲಿಲ್ಲ. ಒಂದು ಚಿತ್ರ ಕ್ಯಾಲೆಂಡರಿನ ಹಾಗಿತ್ತು, ಇನ್ನೊಂದು ವಿಡಿಯೊ ನೋಡಿ ಸುರಿದ ಬಣ್ಣ, ಮತ್ತೊಂದು ಯಾರದೋ ಜಲವರ್ಣದ ಅನುಕರಣೆ. ಹದಿನೈದು ವರ್ಷ ಬಣ್ಣ ಹಚ್ಚಿದ ಮೇಲೂ ನನ್ನ ಕೈಗುಣ ಅವುಗಳಲ್ಲಿ ಎಲ್ಲಿಯೂ ನೆಲೆ ನಿಂತಿರಲಿಲ್ಲ. ಅವಳ ಪ್ರಶ್ನೆ ವಾರಗಟ್ಟಲೆ ಕಾಡಿತು. ಕೊನೆಗೆ ಶಿವರಾತ್ರಿಯ ಮರುದಿನ ಮೊದಲ ಕಾರ್ಡು ಶುರು ಮಾಡಿದೆ. ನವರಾತ್ರಿಯ ಹೊತ್ತಿಗೆ ನಲವತ್ತು ಮುಗಿದವು. ಅದನ್ನೇ ನೀವೂ ಮಾಡಿ ನೋಡಬೇಕೆಂಬ ಆಸೆಯಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು ವಿಷಯದ್ದು. ದಿನವೂ ಕಣ್ಣಿಗೆ ಬೀಳುವ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ: ತುಳಸಿಕಟ್ಟೆ, ಒರಳುಕಲ್ಲು, ಎದುರು ಮನೆಯ ಗೇಟು, ನೀರಿನ ಟ್ಯಾಂಕು, ಏನಾದರೂ ಆದೀತು. ಅದರಲ್ಲಿ ಒಂದಿಷ್ಟು ಒರಟು, ಒಂದಿಷ್ಟು ನುಣುಪು, ಒಂದು ಕತ್ತಲ ಜಾಗ ಇದ್ದರೆ ಒಳ್ಳೆಯದು. ಅದರ ಸರಳ ರೇಖಾಚಿತ್ರವನ್ನು ಒಮ್ಮೆ ಚೆನ್ನಾಗಿ ಮಾಡಿಕೊಂಡು, ಕಾರ್ಬನ್ ಕಾಗದ ಇಟ್ಟು ನಲವತ್ತೂ ಕಾರ್ಡಿಗೆ ಇಳಿಸಿಬಿಡಿ. ಏನು ಬಿಡಿಸಲಿ, ಎಲ್ಲಿ ಇಡಲಿ ಎಂಬ ಯೋಚನೆಯಲ್ಲಿಯೇ ನಮ್ಮ ಅರ್ಧ ಸಂಜೆ ಕಳೆಯುತ್ತದೆ. ಆ ಯೋಚನೆ ತೀರಿದರೆ ಪೂರ್ತಿ ಗಮನ ಬಣ್ಣದ ಕಡೆಗೆ ಹೋಗುತ್ತದೆ.

ಕಾಗದ, ಟ್ಯೂಬು, ಚಮಚ

300 ಜಿಎಸ್‌ಎಂ ದಪ್ಪದ ಎ3 ಜಲವರ್ಣ ಕಾಗದವನ್ನು ಮೂರು ಸಲ ಅರ್ಧಕ್ಕೆ ಮಡಚಿ ಕತ್ತರಿಸಿದರೆ ಎಂಟು ಕಾರ್ಡು ಬರುತ್ತವೆ. ಐದು ಹಾಳೆಗೆ ನಲವತ್ತು. ಮೂವತ್ತಕ್ಕೆ ಗೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳಪದರ, ಒಂದು ಕೈ ಬಳಿಯಿರಿ, ಹತ್ತನ್ನು ಹಾಗೆಯೇ ಬಿಡಿ. ಗೆಸ್ಸೊ ಹಚ್ಚಿದ ಮೇಲ್ಮೈ ಬಣ್ಣವನ್ನು ಮೇಲೆಯೇ ಹಿಡಿದಿಟ್ಟುಕೊಳ್ಳುತ್ತದೆ, ಬರಿಯ ಕಾಗದ ಕುಡಿದುಬಿಡುತ್ತದೆ. ಈ ವ್ಯತ್ಯಾಸವೊಂದೇ ಹತ್ತು ಕಾರ್ಡಿಗೆ ಸಾಲುವಷ್ಟು ಪಾಠ ಕಲಿಸುತ್ತದೆ.

ಬಣ್ಣ ಐದೇ ಸಾಕು. ನನ್ನವು ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಯೆಲ್ಲೊ ಓಕರ್, ಥ್ಯಾಲೊ ಹಸಿರು. ಕಪ್ಪು ಟ್ಯೂಬು ಬೇಡ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಸಮಸಮ ಬೆರೆಸಿದರೆ ಬಾವಿಯೊಳಗಿನ ಕತ್ತಲೆಯಂಥ ಆಳವಾದ ಕಪ್ಪು ಸಿಗುತ್ತದೆ. ನೀಲಿ ಸ್ವಲ್ಪ ಹೆಚ್ಚಾದರೆ ತಣ್ಣಗಿನ ಕಪ್ಪು, ಸಿಯೆನ್ನಾ ಹೆಚ್ಚಾದರೆ ಬೆಚ್ಚಗಿನದು. ಥ್ಯಾಲೊ ಹಸಿರಿನ ವಿಷಯದಲ್ಲಿ ಎಚ್ಚರ ಬೇಕು. ಸಾಸಿವೆ ಕಾಳಿನಷ್ಟು ಬಿದ್ದರೂ ಇಡೀ ತಟ್ಟೆಯನ್ನು ಆಳುತ್ತದೆ. ಅದಕ್ಕೆ ಸಿಯೆನ್ನಾ ಸೇರಿಸಿದ ಮೇಲೆಯೇ ನಮ್ಮ ಹಾವಸೆಯ ಹಸಿರು ಬರುತ್ತದೆ.

ಟ್ಯೂಬು ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರ ಓದಿ. ಪಿಬಿ 29 ಎಂದಿದ್ದರೆ ಅಲ್ಟ್ರಾಮರೀನ್, ಪಿಜಿ 7 ಎಂದರೆ ಥ್ಯಾಲೊ ಹಸಿರು, ಪಿಡಬ್ಲ್ಯು 6 ಎಂದರೆ ಟೈಟಾನಿಯಂ. ಇವು ವರ್ಣದ್ರವ್ಯದ ಸಂಕೇತಗಳು. ಯಾವ ಕಂಪನಿಯ ಟ್ಯೂಬಾದರೂ ಸಂಕೇತ ಅದೇ. ಒಂದೇ ಸಂಕೇತವಿರುವ ಬಣ್ಣ ಬೆರೆಸಿದಾಗ ಸ್ವಚ್ಛವಾಗಿರುತ್ತದೆ, ಮೂರು ನಾಲ್ಕು ಸಂಕೇತಗಳಿರುವುದು ಬೇಗ ರಾಡಿಯಾಗುತ್ತದೆ. ಬಣ್ಣ ಪಾರದರ್ಶಕವೋ ಅಲ್ಲವೋ ತಿಳಿಯಲು ಕಪ್ಪು ಮಾರ್ಕರಿನಿಂದ ಒಂದು ಗೆರೆ ಎಳೆದು ಅದರ ಮೇಲೆ ಬಳಿದು ನೋಡಿ. ಗೆರೆ ಮುಚ್ಚಿಹೋದರೆ ಅದು ಮರೆಮಾಡುವ ಬಣ್ಣ.

ಬಣ್ಣದ ಹದ ಬದಲಿಸಲು ಬೆರೆಸುವ ಮೀಡಿಯಮ್‌ಗಳ ಕಪಾಟಿನ ಮುಂದೆ ನಿಂತರೆ ಎಲ್ಲವೂ ಬೇಕೆನಿಸುತ್ತದೆ. ಮೊದಲಿಗೆ ನಾಲ್ಕು ಸಾಕು: ಹೊಳಪಿನ ಗ್ಲಾಸ್ (gloss), ಹೊಳಪಿಲ್ಲದ ಮ್ಯಾಟ್, ಮಾಡೆಲಿಂಗ್ ಪೇಸ್ಟ್, ಬಣ್ಣ ಒಣಗುವುದನ್ನು ನಿಧಾನಿಸುವ ರಿಟಾರ್ಡರ್. ದಪ್ಪ ಜೆಲ್ ಆಮೇಲೆ ಬರಲಿ. ಪ್ಯಾಲೆಟ್ ಎಂದರೆ ನನಗೆ ಒಂದು ಬಿಳಿ ಟೈಲ್ಸ್ ತುಂಡು. ಬಣ್ಣ ಉಳಿಸಿಕೊಳ್ಳಬೇಕಾದಾಗ ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು, ಬಣ್ಣವನ್ನು ಅದರ ಮೇಲೆ ಹಾಕುತ್ತೇನೆ. ಮುಚ್ಚಿಟ್ಟರೆ ಎರಡು ದಿನ ಹಸಿಯಾಗಿಯೇ ಇರುತ್ತದೆ.

ಕಾರ್ಡಿನ ಹಿಂಬದಿ ಮುಂಬದಿಯಷ್ಟೇ ಮುಖ್ಯ. ಪೆನ್ಸಿಲಿನಲ್ಲಿ ಸಂಖ್ಯೆ, ದಿನಾಂಕ, ಏನಕ್ಕೆ ಏನು ಎಷ್ಟು ಚಮಚ, ಆ ದಿನದ ಹವೆ, ಕೊನೆಗೆ ಕೈಗೆ ಹೇಗೆನಿಸಿತು ಎಂಬ ಒಂದು ಸಾಲು. ನನ್ನ ಹದಿನಾಲ್ಕನೇ ಕಾರ್ಡಿನ ಹಿಂದೆ ಹೀಗಿದೆ: “ಮ್ಯಾಟ್ 8, ಸಿಯೆನ್ನಾ 1. ಏಳು ಪದರ. ಫ್ಯಾನು. ತಾಳ್ಮೆ ತಪ್ಪಿತು.” ಆ ಕೊನೆಯ ಎರಡು ಪದ ಮುಂದೆ ಬಹಳ ಉಪಯೋಗಕ್ಕೆ ಬಂದವು.

ಮತ್ತು ಒಂದು ಕಟ್ಟುನಿಟ್ಟು: ಒಂದು ಕಾರ್ಡಿಗೆ ಒಂದೇ ಬದಲಾವಣೆ. ಬಣ್ಣವನ್ನೂ ಕುಂಚವನ್ನೂ ಮೀಡಿಯಮ್ಮನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮೊದಲು ಬರಿಯ ನೀರು

ಮೊದಲ ಎಂಟು ಕಾರ್ಡಿಗೆ ಮೀಡಿಯಮ್ ಮುಟ್ಟಬೇಡಿ. ಬಣ್ಣ, ನೀರು, ಕುಂಚ, ಅಷ್ಟೇ. ಟ್ಯೂಬಿನಿಂದ ಬಂದ ಹಾಗೆ ದಪ್ಪಗೆ ಒಂದು, ಮಜ್ಜಿಗೆಯ ಹದದಲ್ಲಿ ಒಂದು, ಅಕ್ಕಿ ತೊಳೆದ ನೀರಿನಷ್ಟು ತೆಳ್ಳಗೆ ಒಂದು. ಅದನ್ನೇ ಗೆಸ್ಸೊ ಇಲ್ಲದ ಕಾಗದದ ಮೇಲೆ ಮತ್ತೊಮ್ಮೆ.

ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ ಎಂಬುದು ಇಲ್ಲಿಯೇ ಕಣ್ಣಿಗೆ ಹೊಡೆಯುತ್ತದೆ. ವರ್ಣದ್ರವ್ಯವನ್ನು ಹಿಡಿದಿಡುವ ಅಂಟು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಅಕ್ರಿಲಿಕ್ ಹನಿಗಳ ರೂಪದಲ್ಲಿರುತ್ತದೆ. ಹಸಿ ಇದ್ದಾಗ ಅದು ಹಾಲಿನಂತೆ ಬೆಳ್ಳಗೆ. ನೀರು ಆರಿದಂತೆ ಹನಿಗಳು ಒಂದಕ್ಕೊಂದು ಬೆಸೆದು ಪಾರದರ್ಶಕ ಪದರವಾಗುತ್ತವೆ. ಬೆಳ್ಳಗಿನ ಮಬ್ಬು ಹೋದ ಮೇಲೆ ಉಳಿಯುವುದೇ ನಿಜವಾದ ಬಣ್ಣ. ಆದ್ದರಿಂದ ಬೆರೆಸಿದ ಬಣ್ಣವನ್ನು ಒಂದು ತುಂಡು ಕಾಗದಕ್ಕೆ ಸವರಿ, ಒಣಗಿಸಿ ನೋಡಿದ ಮೇಲೆ ಕಾರ್ಡಿಗೆ ಕೈ ಹಾಕಿ.

ನೀರು ಹೆಚ್ಚಾಯಿತೇ ಎಂಬ ಅನುಮಾನ ಬಂದರೆ ಒಂದು ದಿನ ಬಿಟ್ಟು ಒದ್ದೆ ಬಟ್ಟೆಯಿಂದ ಉಜ್ಜಿ. ಬಣ್ಣ ಬಟ್ಟೆಗೆ ಬಂದರೆ ಅಂಟು ಸಾಲದಾಗಿದೆ. ಹಾಗಾದಾಗ ನೀರು ಕಡಿಮೆ ಮಾಡಿ ಆ ಜಾಗಕ್ಕೆ ಮೀಡಿಯಮ್ ಹಾಕಬೇಕು. ಬರಿಯ ಕಾಗದದ ಮೇಲೆ ಈ ತೊಂದರೆ ಕಡಿಮೆ, ಏಕೆಂದರೆ ಬಣ್ಣ ನಾರಿನೊಳಗೆ ಇಳಿದಿರುತ್ತದೆ.

ಅಕ್ರಿಲಿಕ್ ಬಹಳ ಎಳೆಯ ಬಣ್ಣ. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಅನ್ನು ಹೆನ್ರಿ ಲೆವಿಸನ್ ಅಮೆರಿಕದ ಸಿನ್ಸಿನಾಟಿಯಲ್ಲಿ ಲಿಕ್ವಿಟೆಕ್ಸ್ ಹೆಸರಿನಲ್ಲಿ ತಂದದ್ದು 1955ರಲ್ಲಿ. ಎಣ್ಣೆಬಣ್ಣಕ್ಕಿರುವಂತೆ ಶತಮಾನಗಳ ಕಟ್ಟುಪಾಡು ಇದಕ್ಕಿಲ್ಲ. ನನಗೆ ಇದು ದೊಡ್ಡ ಧೈರ್ಯ ಕೊಟ್ಟಿತು. ಡೇವಿಡ್ ಹಾಕ್ನಿ 1967ರಲ್ಲಿ ಬಿಡಿಸಿದ ‘ಎ ಬಿಗ್ಗರ್ ಸ್ಪ್ಲಾಶ್’ ಚಿತ್ರವನ್ನು ಮಕ್ಕಳಿಗೆ ತೋರಿಸುವಾಗ ಇದನ್ನೇ ಹೇಳುತ್ತೇನೆ. ಆಕಾಶ, ಮನೆ, ಈಜುಕೊಳ ಎಲ್ಲ ರೋಲರಿನಿಂದ ಸಪಾಟಾಗಿ ಬಳಿದದ್ದು. ಯಾರೋ ಧುಮುಕಿದಾಗ ಎದ್ದ ನೀರು ಮಾತ್ರ ಸಣ್ಣ ಕುಂಚಗಳಲ್ಲಿ ಸುಮಾರು ಎರಡು ವಾರ ಕುಳಿತು ಬಿಡಿಸಿದ್ದು. ಬಣ್ಣ ಒಂದೇ, ಕೈಯ ನಡೆ ಎರಡು.

ಮೀಡಿಯಮ್‌ಗಳ ಜೊತೆ

ಒಂಬತ್ತನೆಯದರಿಂದ ಒಂದೊಂದೇ ಮೀಡಿಯಮ್ ತನ್ನಿ. ಗ್ಲಾಸ್ ಬಣ್ಣಕ್ಕೆ ಒದ್ದೆ ಕಲ್ಲಿನ ಮಿರುಗು ಕೊಡುತ್ತದೆ. ಮ್ಯಾಟ್ ಆ ಮಿರುಗನ್ನು ತೆಗೆದು ಒಣಕಲ್ಲು ಮಾಡುತ್ತದೆ, ಆದರೆ ಅದರೊಳಗಿನ ಪುಡಿಯಿಂದಾಗಿ ಗಾಢ ಬಣ್ಣದ ಮೇಲೆ ದಪ್ಪಗೆ ಬಿದ್ದರೆ ಬೂದಿ ಮುಚ್ಚಿದಂತಾಗುತ್ತದೆ. ಎಂಟು ಪಾಲು ಮೀಡಿಯಮ್ಮಿಗೆ ಒಂದು ಪಾಲು ಪಾರದರ್ಶಕ ಬಣ್ಣ ಬೆರೆಸಿ ಪದರದ ಮೇಲೆ ಪದರ ಹಚ್ಚುವುದು ಗ್ಲೇಜ್. ಪ್ರತಿ ಪದರ ಪೂರ್ತಿ ಒಣಗಲೇಬೇಕು, ಇಲ್ಲವಾದರೆ ಕೆಳಗಿನದು ಕಿತ್ತು ಬರುತ್ತದೆ. ಬಾವಿಯ ನೀರಿನ ಆಳ ಇದರಲ್ಲಿ ಬಹಳ ಚೆನ್ನಾಗಿ ಬಂತು. ಬಂದರೂ ನನಗೆ ಕಾಯುವುದಾಗಲಿಲ್ಲ. ಹದಿನಾಲ್ಕರ ಹಿಂದೆ ಬರೆದದ್ದು ಅದನ್ನೇ.

ಮಾಡೆಲಿಂಗ್ ಪೇಸ್ಟ್ ಎಂದರೆ ಅಕ್ರಿಲಿಕ್‌ನಲ್ಲಿ ಕಲಸಿದ ಅಮೃತಶಿಲೆಯ ಹುಡಿ. ಗಟ್ಟಿ ಚಟ್ನಿಯಂತಿರುತ್ತದೆ. ಪ್ಯಾಲೆಟ್ ನೈಫಿನಿಂದ ಸವರಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಬಹುದು. ತಿಕ್ಕುವಾಗ ಸ್ವಲ್ಪ ಒದ್ದೆ ಮಾಡಿಕೊಂಡರೆ ಧೂಳು ಮೂಗಿಗೆ ಬರುವುದಿಲ್ಲ. ಒಂದೇ ಸಲ ದಪ್ಪಗೆ ಮೆತ್ತಿದರೆ ಬಿರುಕು ಬಿಡುತ್ತದೆ, ತೆಳ್ಳಗೆ ಎರಡು ಮೂರು ಸಲ ಹಚ್ಚಿ. ಜೆಲ್‌ನಲ್ಲಿ ಈ ಹುಡಿ ಇಲ್ಲ, ಒಣಗಿದರೆ ಗಾಜಿನಂತೆ ತಿಳಿ. ಜೆಲ್ಲಿಗೆ ಜರಡಿ ಹಿಡಿದ ಹೊಳೆಮರಳು ಸೇರಿಸಿದರೆ ಒರಟು ಗೋಡೆ ಸಿದ್ಧ. ಸಮುದ್ರದ ಮರಳು ಬೇಡ, ಉಪ್ಪು ತೇವ ಎಳೆಯುತ್ತದೆ.

ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಿ, ತೊಳೆದು, ಒಣಗಿಸಿ, ಅದರ ಮೇಲೆ ಗ್ಲಾಸ್ ಮೀಡಿಯಮ್ ಬೆರೆಸಿದ ಬಣ್ಣವನ್ನು ಸುರಿದು ಎರಡು ದಿನ ಬಿಡಿ. ಆ ಪ್ಲಾಸ್ಟಿಕ್ಕಿಗೆ ಅಕ್ರಿಲಿಕ್ ಅಂಟುವುದಿಲ್ಲ. ತುದಿ ಹಿಡಿದು ಎತ್ತಿದರೆ ಬಣ್ಣದ ತೊಗಲು ಹಾಗೆಯೇ ಬರುತ್ತದೆ. ಕತ್ತರಿಸಿ, ಹರಿದು, ಮೀಡಿಯಮ್ಮನ್ನೇ ಅಂಟಾಗಿ ಬಳಸಿ ಕಾರ್ಡಿಗೆ ಹಚ್ಚಬಹುದು. ಮಕ್ಕಳು ಇದನ್ನು ಮಾಡುವಾಗ ಇಡೀ ತರಗತಿ ಸದ್ದಿಲ್ಲದೆ ನೋಡುತ್ತಿರುತ್ತದೆ.

ನನ್ನ ಕೈಗೆ ಬಹಳ ಹಿಡಿಸಿದ್ದು ಕಟ್ಟೆಯದೇ ಮಣ್ಣಿನಿಂದ ಬಣ್ಣ ಮಾಡುವುದು. ಚಿರೇಕಲ್ಲು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಅಂಗಡಿಯ ರೆಡ್ ಆಕ್ಸೈಡ್ ಟ್ಯೂಬಿನಲ್ಲಿರುವುದೂ ಅದೇ, ಬಿಸಿಲಿಗೆ ಮಾಸುವುದಿಲ್ಲ. ಕಲ್ಲಿನ ಹುಡಿಯನ್ನು ಕುಟ್ಟಿ, ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಿ. ಒಣಹುಡಿಯನ್ನು ನೇರವಾಗಿ ಮೀಡಿಯಮ್ಮಿಗೆ ಹಾಕಿದರೆ ಗಂಟುಗಂಟಾಗುತ್ತದೆ. ಮೊದಲು ಕೆಲವು ಹನಿ ನೀರಿನಲ್ಲಿ ಗಂಧ ತೇಯ್ದಂತೆ ನುಣ್ಣಗೆ ಕಲಸಿ, ಆಮೇಲೆ ಅಷ್ಟೇ ಪ್ರಮಾಣದ ಮ್ಯಾಟ್ ಮೀಡಿಯಮ್ ಸೇರಿಸಿ. ಒಣಗಿದ ಮೇಲೆ ಬೆರಳಿಗೆ ಹುಡಿ ಹತ್ತಿದರೆ ಮೀಡಿಯಮ್ ಇನ್ನಷ್ಟು ಬೇಕು. ಹೀಗೆ ಮಾಡಿದ ಬಣ್ಣ ಸ್ವಲ್ಪ ಒರಟಾಗಿರುತ್ತದೆ, ಕುಂಚದ ಕೆಳಗೆ ಕರಕರ ಎನ್ನುತ್ತದೆ. ಆ ಸದ್ದಿಗಾಗಿಯೇ ನಾನು ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕನ್ನು ಒಂದೇ ಸಂಜೆ ಮುಗಿಸಿದೆ.

ಟ್ರಂಕಿನಲ್ಲಿ ಆದದ್ದು

ಮೇ ತಿಂಗಳಿನಲ್ಲಿ ಮನೆಯಲ್ಲಿ ಮದುವೆ ಇತ್ತು. ಜಗುಲಿ ಖಾಲಿ ಮಾಡಬೇಕಾಗಿ ಬಂದು, ಮುಗಿದಿದ್ದ ಇಪ್ಪತ್ತಾರು ಕಾರ್ಡನ್ನು ಮುಖಕ್ಕೆ ಮುಖ ತಾಗಿಸಿ ತಗಡಿನ ಟ್ರಂಕಿನಲ್ಲಿಟ್ಟೆ. ಅಕ್ರಿಲಿಕ್ ಒಣಗಿದ ಮೇಲೂ ಸೆಕೆಗೆ ಮೆತ್ತಗಾಗುತ್ತದೆ ಎಂಬುದು ಆಗ ನೆನಪಾಗಲಿಲ್ಲ. ಹನ್ನೆರಡು ದಿನ ಬಿಟ್ಟು ತೆಗೆದಾಗ ಎಂಟು ಕಾರ್ಡು ಜೋಡಿಜೋಡಿಯಾಗಿ ಅಂಟಿಕೊಂಡಿದ್ದವು. ಅಳು ಬಂತು. ಬಿಡಿಸಿದಾಗ ಒಂದರ ಹಸಿರು ಇನ್ನೊಂದಕ್ಕೆ ಹೋಗಿ, ಕೆಳಗಿನ ಬಿಳಿ ಪೇಸ್ಟು ಅಲ್ಲಲ್ಲಿ ತೆರೆದುಕೊಂಡಿತ್ತು.

ಕಾರ್ಡುಗಳ ನಡುವೆ ಬಟರ್ ಪೇಪರ್ ಇಡಿ, ಎಂದಿಗೂ ಮುಖಕ್ಕೆ ಮುಖ ತಾಗಿಸಬೇಡಿ.

ಹಾಳಾದವನ್ನು ಎಸೆಯಲಿಲ್ಲ. ಹತ್ತೊಂಬತ್ತನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಕೆಂಪಿನ ನಡುವೆ ಬಿಳಿ ಕಿತ್ತು ಬಂದ ಆ ರೀತಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ನಮ್ಮ ಕರಾವಳಿಯ, ಗೋವೆಯ ಹಳೆಯ ದೇವಸ್ಥಾನಗಳ ಗೋಡೆಯ ಮೇಲಿನ ಕಾವಿ ಕಲೆ ಅದು. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಬೇಕಾದಲ್ಲೆಲ್ಲ ಕಾಣುತ್ತದೆ. ಬಳ್ಳಿ, ಹೂವು, ನವಿಲು ಎಲ್ಲ ಎರಡೇ ಬಣ್ಣದಲ್ಲಿ. ಉತ್ಸವದ ದಿನ ಅಜ್ಜಿಯ ಸೆರಗು ಹಿಡಿದು ಆ ಗೋಡೆಗೆ ಬೆನ್ನು ಒರಗಿಸಿ ನಿಂತಿದ್ದೆ. ನನ್ನ ಕೈ ಯಾವ ಕಡೆಗೆ ಎಳೆಯುತ್ತಿತ್ತು ಎಂಬುದು ಆ ಸಂಜೆ ಗೊತ್ತಾಯಿತು.

ಇಪ್ಪತ್ತೇಳರಿಂದ ಮುಂದೆ ಕೆರೆಯುವುದೇ ಕೆಲಸವಾಯಿತು. ಹದ ಸಿಗಲು ಏಳು ಕಾರ್ಡು ಹೋದವು. ಕೊನೆಗೆ ನಿಂತ ಕ್ರಮ ಹೀಗಿದೆ. ಮಾಡೆಲಿಂಗ್ ಪೇಸ್ಟನ್ನು ನೀರುದೋಸೆಯಷ್ಟು ತೆಳ್ಳಗೆ ಸವರಿ ಒಂದು ದಿನ ಒಣಗಿಸಿ, ಉಪ್ಪುಕಾಗದದಿಂದ ತಿಕ್ಕಿ. ಅದರ ಮೇಲೆ ಗ್ಲಾಸ್ ಮೀಡಿಯಮ್ ಒಂದು ಕೈ. ಇದನ್ನು ಬಿಟ್ಟರೆ ಪೇಸ್ಟು ಕೆಂಪನ್ನು ಕುಡಿದು, ಕೆರೆದಲ್ಲಿ ಬಿಳಿಯ ಬದಲು ಗುಲಾಬಿ ಕಾಣುತ್ತದೆ. ಅದು ಒಣಗಿದ ಮೇಲೆ ಹತ್ತು ಪಾಲು ಕೆಂಪಿಗೆ ಒಂದು ಪಾಲು ರಿಟಾರ್ಡರ್ ಬೆರೆಸಿ ಬಳಿಯಿರಿ. ರಿಟಾರ್ಡರ್ ಅದಕ್ಕಿಂತ ಹೆಚ್ಚಾದರೆ ವಾರವಾದರೂ ಅಂಟಂಟಾಗಿಯೇ ಉಳಿಯುತ್ತದೆ. ಈಗ ಓರೆಯಾಗಿ ನೋಡುತ್ತಾ ಕಾಯಿರಿ. ಹಸಿಯ ಹೊಳಪು ಅಂಚಿನಿಂದ ಆರತೊಡಗಿದಾಗ ಕೆರೆಯುವ ಸಮಯ. ಅದಕ್ಕೆ ಮೊದಲೇ ಕೆರೆದರೆ ಗೆರೆ ಮತ್ತೆ ಮುಚ್ಚಿಕೊಳ್ಳುತ್ತದೆ, ತಡವಾದರೆ ಚಕ್ಕೆ ಏಳುತ್ತದೆ. ಸೆಕೆಯ ದಿನಗಳಲ್ಲಿ ಫ್ಯಾನಿನ ಕೆಳಗೆ ನನಗೆ ಸಿಕ್ಕಿದ್ದು ನಾಲ್ಕು ನಿಮಿಷ, ಆಟಿಯ ಮಳೆಯಲ್ಲಿ ಹದಿನೈದಕ್ಕೂ ಹೆಚ್ಚು. ಹಾಗಾಗಿಯೇ ಕಾರ್ಡಿನ ಹಿಂದೆ ಹವೆಯನ್ನು ಬರೆಯಬೇಕು.

ಕೆರೆಯಲು ಸ್ವೆಟರ್ ಹೆಣೆಯುವ ಕಡ್ಡಿ, ಮುರಿದ ಬಾಚಣಿಗೆ, ಕುಂಚದ ಹಿಂತುದಿ ಎಲ್ಲ ನೋಡಿದೆ. ತೆಂಗಿನ ಗರಿಯ ಕಡ್ಡಿಗೆ ಸಮ ಯಾವುದೂ ಆಗಲಿಲ್ಲ. ಅದು ತುಸು ಬಾಗುತ್ತದೆ, ಒತ್ತಿದರೆ ಗೆರೆ ಅಗಲವಾಗುತ್ತದೆ, ಮೊನೆ ಸವೆದರೆ ಇನ್ನೊಂದನ್ನು ಮುರಿದುಕೊಂಡರಾಯಿತು.

ಜಗುಲಿಯ ಮೇಲೆ ಹರಡಿ

ನಲವತ್ತು ಮುಗಿದ ಮೇಲೆ ಒಂದು ವಾರ ಕಣ್ಣಿಗೆ ಬೀಳದ ಹಾಗೆ ಇಡಿ. ಆಮೇಲೆ ನೆಲದ ಮೇಲೆ ಹರಡಿ, ಹಿಂಬದಿ ಓದದೆ ಏಳನ್ನು ಆರಿಸಿ. ಚೆಂದ ಯಾವುದು ಎಂದು ಕೇಳಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ಎದ್ದು ಇದನ್ನೇ ಇನ್ನೊಮ್ಮೆ ಮಾಡಲು ಕೈ ತುಡಿಯುತ್ತದೆಯೇ ಎಂದು ಕೇಳಿಕೊಳ್ಳಿ. ಸುರಿದು ಮಾಡಿದ ನನ್ನ ಎರಡು ಕಾರ್ಡನ್ನು ಗೆಳತಿಯರು ಮೊಬೈಲಿನಲ್ಲಿ ನೋಡಿ ಬಹಳ ಹೊಗಳಿದ್ದರು. ಆದರೂ ಅವುಗಳ ಕಡೆಗೆ ನನ್ನ ಕೈ ಹೋಗಲಿಲ್ಲ.

ಏಳನ್ನು ಆರಿಸಿದ ಮೇಲೆ ತಿರುವಿ ಓದಿ. ನನ್ನ ಏಳರಲ್ಲಿ ಐದು ಕೆರೆದವು. ಆರರಲ್ಲಿ ಮ್ಯಾಟ್ ಇತ್ತು. ನಾಲ್ಕರಲ್ಲಿ ಚಿರೇಕಲ್ಲಿನ ಹುಡಿ. ಯಾವುದರಲ್ಲಿಯೂ ಮೂರಕ್ಕಿಂತ ಹೆಚ್ಚು ಬಣ್ಣ ಇರಲಿಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬೇಡವೆನಿಸಿದವನ್ನೂ ಓದಿ, ‘ತಾಳ್ಮೆ ತಪ್ಪಿತು’, ‘ಜಿಡ್ಡು ಜಿಡ್ಡು’, ‘ಯಾರದೋ ಕೆಲಸ ಮಾಡಿದ ಹಾಗಾಯಿತು’ ಎಂಬಂಥ ಸಾಲುಗಳನ್ನು ಇನ್ನೊಂದು ಚೀಟಿಗೆ ಇಳಿಸಿ. ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ನಿಮ್ಮ ಕೈಯ ಸ್ವಭಾವ ಅಲ್ಲಿ ಬರೆದಿಟ್ಟ ಹಾಗಿರುತ್ತದೆ.

ಆ ದಿನ ಆಯಿ (ಅಮ್ಮ) ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಹರಡಿದ್ದನ್ನೆಲ್ಲ ಸುತ್ತಿ ನೋಡಿ, ಮೂವತ್ತನಾಲ್ಕನೆಯದರ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಕೆರೆದ ಗೆರೆಯ ತಗ್ಗಿನಲ್ಲಿ ಹೆಬ್ಬೆರಳಿನ ಉಗುರು ಇಟ್ಟು, “ಇದು ನಾನು ಹಗ್ಗ ಬಿಡುವ ಕಡೆ” ಎಂದಳು. ಉಳಿದ ಮೂವತ್ತೊಂಬತ್ತರಲ್ಲಿಯೂ ಆ ಕಚ್ಚು ಇತ್ತು. ಅವಳು ಗುರುತಿಸಿದ್ದು ಅದೊಂದರಲ್ಲಿ.

ತೊಳೆಯುವ ನೀರಿನ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕೇ. ಕುಂಚವನ್ನು ಮೊದಲು ಹಳೆಯ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ಬಕೆಟ್ಟಿನಲ್ಲಿ ತೊಳೆಯಿರಿ. ಬಾವಿಯ ಹತ್ತಿರ, ತೋಟದ ಬುಡಕ್ಕೆ ಚೆಲ್ಲಬೇಡಿ. ಒಂದೆರಡು ದಿನ ಬಿಟ್ಟರೆ ಗಸಿ ತಳದಲ್ಲಿ ನಿಲ್ಲುತ್ತದೆ. ಅದನ್ನು ಒಣಗಿಸಿ ಒಣಕಸಕ್ಕೆ ಹಾಕಿ. ಕುಂಚದ ಕೂದಲಿನಲ್ಲಿ ಬಣ್ಣ ಒಣಗಿದರೆ ಆ ಕುಂಚ ಮುಗಿದ ಹಾಗೆಯೇ, ಆದ್ದರಿಂದ ಕಾರ್ಡಿನ ನಡುವೆ ಎದ್ದು ಹೋಗುವಾಗ ನೀರಿನಲ್ಲಿ ಅಡ್ಡಡ್ಡ ಮಲಗಿಸಿಡಿ. ವಾರ್ನಿಷ್ ಹಚ್ಚುವುದಿದ್ದರೆ ದಪ್ಪ ಪದರಗಳಿಗೆ ಕೆಲವು ವಾರ ಒಣಗಲು ಬಿಡಿ. ಮಳೆಗಾಲದಲ್ಲಂತೂ ಬೇಡ, ಗಾಳಿಯ ತೇವಕ್ಕೆ ಹಾಲು ಚೆಲ್ಲಿದಂತೆ ಮಂಕಾಗುತ್ತದೆ.

ಸಿಕ್ಕಿದ ಹದವನ್ನು ಬೇರೆ ವಸ್ತುವಿನ ಮೇಲೆ ಪರೀಕ್ಷಿಸಿದ ಮೇಲೆಯೇ ದೊಡ್ಡ ಕ್ಯಾನ್ವಾಸಿಗೆ ಹೋಗಿ. ಚೀಟಿಯಲ್ಲಿರುವುದನ್ನಷ್ಟೇ ಬಳಸಿ ಹೊಸದೊಂದು ವಿಷಯದ ಐದು ಕಾರ್ಡು ಮಾಡಿ. ಹಂಚಿನ ಮಾಡಿಗೆ ನನ್ನ ಕೆಂಪು-ಬಿಳಿ ಕೆರೆತ ಹೇಳಿ ಮಾಡಿಸಿದಂತೆ ಹೊಂದಿತು. ಆಯಿಯ ಕೈಗಳಿಗೂ ಹೊಂದಿತು, ನರಗಳು, ನೆರಿಗೆಗಳು ಎಲ್ಲ ಕಡ್ಡಿಯ ಗೆರೆಯಲ್ಲೇ ಎದ್ದು ಬಂದವು. ಸಮುದ್ರಕ್ಕೆ ಆಗಲಿಲ್ಲ. ಅಲೆಗಳು ಕಲ್ಲಿನ ಹಾಗೆ ನಿಂತುಬಿಟ್ಟವು. ಗ್ಲೇಜ್ ಬೇಕೇನೋ, ಅದೂ ನಾನು ತಾಳ್ಮೆಗೆಟ್ಟು ಬಿಟ್ಟ ಗ್ಲೇಜ್. ಸಮುದ್ರಕ್ಕೆಂದೇ ಇನ್ನೂ ಹತ್ತು ಕಾರ್ಡು ಕತ್ತರಿಸಿಟ್ಟಿದ್ದೇನೆ. ಮೊದಲ ಎರಡಕ್ಕೆ ಗೆಸ್ಸೊ ಬಳಿದು ಒಣಗಲು ಇಟ್ಟಿದ್ದೇನೆ.